ಜುಟ್ಟಿನ ಮಲ್ಲಿಗೆ

ಬೆಳಿಗ್ಗೆ ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತ ನಿಂತಿದ್ದೆ. ಅಂಗಡಿಯ ಗೋಡೆಗೆ ಯಾರೋ ಆಗತಾನೇ ಒಂದು ಗುಲಾಬಿ ಬಣ್ಣದ ಕರಪತ್ರ ಅಂಟಿಸಿ ಹೋಗಿದ್ದರು. ಅಂಟು ಇನ್ನೂ ಆರಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ. ಮೊದಲನೇ ಕೃಷ್ಣ, ಎರಡನೇ ಕೃಷ್ಣ, ದುರ್ಯೋಧನ, ಭೀಮ, ಶಕುನಿ ಎಂದು ಪಾತ್ರಗಳ ಹೆಸರು ಎಡಕ್ಕೆ, ಪಾರ್ಟು ಮಾಡುವ ರೈತರ ಹೆಸರು ಬಲಕ್ಕೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಅದನ್ನು ಪೂರ್ತಿ ಓದಿ, ಲೋಟ ಕೆಳಗಿಟ್ಟು ಹೇಳಿದರು: “ಮಳೆ ಇಲ್ಲ, ಬೆಳೆ ಇಲ್ಲ, ಇವ್ರಿಗೆ ನಾಟ್ಕ ಬೇರೆ ಕೇಡು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ!” ಸುತ್ತ ನಿಂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿಯುವವರೆಗೂ ಮನಸ್ಸಿನಲ್ಲೇ ಆ ಗಾದೆಯ ಜೊತೆ ಜಗಳವಾಡುತ್ತಿದ್ದೆ.

ಹಿಟ್ಟು ಮೊದಲು, ಹೂವು ಆಮೇಲೆ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ, ಮುದ್ದೆಯ ಸೀಮೆಯವರಾದ ನಾವಂತೂ ಇಲ್ಲವೇ ಇಲ್ಲ. ಆದರೂ ಆ ಹೂವಿನ ಪರವಾಗಿ ನನಗೆ ಹೇಳಬೇಕೆನಿಸಿರುವುದಿದೆ; ಮೊದಲು ನಾಟಕದ ವಿಷಯ.

ನಮ್ಮ ಮಂಡ್ಯ ಸೀಮೆಯ ಪೌರಾಣಿಕ ನಾಟಕವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ದುಡ್ಡು ಕೊಟ್ಟು ಪಾರ್ಟು ತೆಗೆದುಕೊಳ್ಳುತ್ತಾನೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲಿ ಸೀನರಿ ಬರಬೇಕು, ಕಿರೀಟ, ಭುಜಕೀರ್ತಿ, ಗದೆ ಬಾಡಿಗೆಗೆ ಬರಬೇಕು, ದ್ರೌಪದಿಯ ಪಾತ್ರಕ್ಕೆ ಕಲಾವಿದೆ ಬರಬೇಕು, ಹಾರ್ಮೋನಿಯಂ ಮೇಷ್ಟ್ರಿಗೂ ಕೊಡಬೇಕು. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು. ಸಂಜೆ ಡೇರಿಗೆ ಹಾಲು ಹಾಕಿ, ಉಂಡು, ಹೆಗಲಿಗೆ ಟವಲು ಹಾಕಿಕೊಂಡು ಬರುತ್ತಾರೆ. ಟ್ರ್ಯಾಕ್ಟರ್ ಓಡಿಸುವವನು, ಗಾರೆ ಕೆಲಸದವನು, ಪಂಚಾಯಿತಿಯ ನೀರುಗಂಟಿ ಒಂದೇ ಚಾಪೆಯ ಮೇಲೆ ಕೂತು ಕಂದಪದ್ಯದ ಎಳೆತ ಕಲಿಯುತ್ತಾರೆ. ಶ್ರುತಿ ತಪ್ಪಿದರೆ ಮೇಷ್ಟ್ರು ಬಾಯಿಗೆ ಬಂದಂತೆ ಬೈಯುತ್ತಾರೆ. ಹಗಲಲ್ಲಿ ಯಾರ ಮಾತನ್ನೂ ಕೇಳದ ಐವತ್ತರ ಗಂಡಸು ಆಗ ಒಂದನೇ ಕ್ಲಾಸಿನ ಹುಡುಗನಂತೆ ತಲೆ ತಗ್ಗಿಸಿಕೊಂಡು, ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾನೆ.

2023 ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. ಕನ್ನಂಬಾಡಿ ಕಟ್ಟೆಯ ನೀರು ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಕಾವೇರಿಗಾಗಿ ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ಜನ ರಸ್ತೆಗಿಳಿದಿದ್ದರು. ಆ ಬರದಲ್ಲೇ ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ ಬೆಳಗಿನ ಜಾವದವರೆಗೂ ಕೂತು ‘ಕುರುಕ್ಷೇತ್ರ’ ನೋಡಿದೆ. ದುರ್ಯೋಧನನ ಪಾರ್ಟು ಮಾಡಿದವರ ಕೊಳವೆಬಾವಿ ಬತ್ತಿತ್ತು, ತೆಂಗಿನ ಗರಿಗಳು ಜೋತು ಬಿದ್ದಿದ್ದವು. ಊರಿನವರೆಲ್ಲ ಅದನ್ನು ಬಲ್ಲರು. ಅವರು ಗದೆ ಹೆಗಲಿಗೇರಿಸಿ ರಂಗದ ಮೇಲೆ ಬಂದಾಗ ಬಿದ್ದ ಶಿಳ್ಳೆಯ ಸದ್ದು ಇನ್ನೂ ಕಿವಿಯಲ್ಲಿದೆ. ಹೊಲದ ಬದುವಿನಲ್ಲಿ ಸಾಲದ ಲೆಕ್ಕ ಹಾಕುತ್ತ ಕುಗ್ಗಿ ಕೂತಿದ್ದ ಮನುಷ್ಯ ಹಸ್ತಿನಾವತಿಯ ಸಿಂಹಾಸನದ ಮೇಲೆ ಎದೆ ಸೆಟೆಸಿ ಕೂತಿದ್ದರು. ಬೆಳಗಾದ ಮೇಲೆ ಕೊಟ್ಟಿಗೆಯ ಹತ್ತಿರ ಸಿಕ್ಕರು. ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಂಡಿದ್ದರೂ ಕಿವಿಯ ಹಿಂದೆ ಒಂದಿಷ್ಟು ಕೆಂಪು ಉಳಿದಿತ್ತು. ಹಾಲು ಕರೆಯುತ್ತಲೇ ಅಂದರು: “ಬೋರು ಬತ್ತೋಯ್ತು ಅಂತ ಗಂಟ್ಲೂ ಬತ್ತುಸ್ಕಂಡು ಕುಂತ್ಕಳಕ್ಕಾಯ್ತದಾ ಸಾ?”

ಈ ಒಂದು ಮಾತು ಸಾಕು ನನಗೆ. ಕಷ್ಟ ಬಂದಾಗ ನಾವು ಮೊದಲು ಕತ್ತರಿ ಹಾಕುವುದು ಆಟಕ್ಕೆ. ಹಬ್ಬ ಸಣ್ಣದಾಗುತ್ತದೆ, ಹಾಡು ನಿಲ್ಲುತ್ತದೆ, ಮಗುವಿನ ಬಣ್ಣದ ಪೆನ್ಸಿಲು ಮುಂದಿನ ತಿಂಗಳಿಗೆ ಹೋಗುತ್ತದೆ. ಹಾಗೆ ಉಳಿಸಿದ ದುಡ್ಡಿನಿಂದ ಯಾರ ಸಾಲವೂ ತೀರಿದ್ದನ್ನು ನಾನು ಕಂಡಿಲ್ಲ. ಆದರೆ ಪ್ರಾಕ್ಟೀಸಿನ ಚಾಪೆಯ ಮೇಲೆ ದಿನಾ ರಾತ್ರಿ ಹತ್ತು ಜನರ ನಡುವೆ ಕೂರುವವನು ಒಂಟಿಯಾಗಿ ಕತ್ತಲೆಯಲ್ಲಿ ಕೂರುವುದಿಲ್ಲ. ನಾಳೆ ಮತ್ತೆ ಬರಬೇಕು, ಬಾರದಿದ್ದರೆ ಭೀಮನಿಗೆ ಎದುರಾಳಿಯಿಲ್ಲ ಎಂಬ ಒಂದು ಹೊಣೆ ಅವನ ಮೇಲಿರುತ್ತದೆ. ರೈತರ ಆತ್ಮಹತ್ಯೆಯ ಸುದ್ದಿಯನ್ನು 2015ರಲ್ಲಿ ಹೆಚ್ಚುಕಡಿಮೆ ದಿನವೂ ಓದಿದ ಈ ಜಿಲ್ಲೆಯಲ್ಲಿ ಆ ಹೊಣೆ ಸಣ್ಣದಲ್ಲ.

ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ನೆನಪಾಗುತ್ತಾರೆ. ಕಬ್ಬಿನ ಬಾಕಿ, ನೀರು, ಬೆಲೆ ಎಂದು ಜೀವಮಾನವೆಲ್ಲ ಬೀದಿಯಲ್ಲಿ ಹೋರಾಡಿದ ರೈತ ನಾಯಕ ಅವರು. 2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಎದೆನೋವು ಬಂದು ತೀರಿಕೊಂಡರು. ಅಷ್ಟು ಹೋರಾಟಗಳ ನಡುವೆಯೂ ಮಣ್ಣಿನ ಆಟಕ್ಕೆ ಬಿಡುವು ಮಾಡಿಕೊಂಡಿದ್ದರು ಎಂಬುದೇ ಅವರ ಮೇಲಿನ ನನ್ನ ಗೌರವವನ್ನು ಇನ್ನಷ್ಟು ಹೆಚ್ಚಿಸಿದೆ.

ಆ ಕರಪತ್ರ ಕಂಡ ಪಾಂಡವಪುರದ ಹೆಸರು ಬಂದದ್ದೇ ಪಾಂಡವರಿಂದ ಎನ್ನುತ್ತಾರೆ. ವನವಾಸದಲ್ಲಿ ಅವರು ತಾಯಿಯೊಡನೆ ಕುಂತಿಬೆಟ್ಟದಲ್ಲಿದ್ದರು ಎಂಬುದು ಇಲ್ಲಿನ ಜನರ ನಂಬಿಕೆ. ವನವಾಸವೆಂದಾಗ ನನಗೆ ಯುದ್ಧವಾಗಲಿ ಜೂಜಾಗಲಿ ನೆನಪಾಗುವುದಿಲ್ಲ, ಸೌಗಂಧಿಕಾ ಪುಷ್ಪ ನೆನಪಾಗುತ್ತದೆ. ರಾಜ್ಯ ಹೋಗಿದೆ, ಮಾನ ಹೋಗಿದೆ, ಕಾಡಿನಲ್ಲಿ ಗೆಡ್ಡೆ ಗೆಣಸಿನ ಬದುಕು. ಸೇಡು ತೀರುವವರೆಗೂ ಮುಡಿ ಕಟ್ಟುವುದಿಲ್ಲವೆಂದು ಶಪಥ ಮಾಡಿದ ದ್ರೌಪದಿ, ಗಾಳಿಯಲ್ಲಿ ತೇಲಿಬಂದ ಒಂದು ಪರಿಮಳಕ್ಕೆ ಮನಸೋತು ಆ ಹೂವು ಬೇಕು ಎನ್ನುತ್ತಾಳೆ. ಇಂಥ ಹೊತ್ತಿನಲ್ಲಿ ಹೂವು ಬೇಕಿತ್ತೇ ಎಂದು ಭೀಮ ಕೇಳಲಿಲ್ಲ. ಗದೆ ಎತ್ತಿಕೊಂಡು ಹೊರಟ. ಆ ದಾರಿಯಲ್ಲೇ ಅವನಿಗೆ ಅಣ್ಣ ಹನುಮಂತ ಸಿಕ್ಕಿದ್ದು, ಮುಂದಿನ ಯುದ್ಧಕ್ಕೆ ಅವನ ಹರಕೆ ಸಿಕ್ಕಿದ್ದು. ಹೂವು ತರಲು ಹೋದವನಿಗೆ ಬಲವೇ ಎದುರಾಯಿತು. ವ್ಯಾಸರಿಗೆ, ಅವರ ಕಥೆಯನ್ನು ನಮಗೆ ಕನ್ನಡದಲ್ಲಿ ಉಣಬಡಿಸಿದ ಕುಮಾರವ್ಯಾಸನಿಗೆ ಈ ಹೂವು ಅನವಶ್ಯಕ ಎನಿಸಲಿಲ್ಲ.

ಕುಂತಿಬೆಟ್ಟದಿಂದ ಕಿಕ್ಕೇರಿ ದೂರವೇನಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಆ ಊರಿನಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ‘ಮೈಸೂರು ಮಲ್ಲಿಗೆ’ ಪ್ರಕಟಿಸಿದ್ದು 1942ರಲ್ಲಿ. ಎಂಥ ವರ್ಷ ಅದು! ಹೊರಗೆ ಮಹಾಯುದ್ಧ, ಒಳಗೆ ಚಲೇಜಾವ್ ಚಳವಳಿ, ಅಂಗಡಿಗಳಲ್ಲಿ ಸಾಮಾನಿನ ಅಭಾವ. ಓದನ್ನು ನಡುವೆಯೇ ಬಿಟ್ಟು ಗುಮಾಸ್ತಿಕೆಗೆ ಸೇರಿದ್ದ ತರುಣ ಗಂಡಹೆಂಡಿರ ಮುನಿಸು, ನಗು, ತವರಿನ ದಾರಿ, ಬಳೆಯ ಸದ್ದು ಇವುಗಳ ಮೇಲೆ ಪದ್ಯ ಕಟ್ಟಿದರು. ಆ ವರ್ಷದ ಪತ್ರಿಕೆಗಳ ದೊಡ್ಡ ತಲೆಬರಹಗಳು ಯಾರಿಗೂ ಬಾಯಿಪಾಠವಿಲ್ಲ. ಈ ಹಾಡುಗಳನ್ನು ಕನ್ನಡನಾಡಿನ ಮದುವೆ ಮನೆಗಳು ಇಂದಿಗೂ ಹಾಡುತ್ತವೆ. ಹಿಟ್ಟಿಗೇ ತತ್ವಾರವಿದ್ದ ಕಾಲದಲ್ಲಿ ಅರಳಿದ ಮಲ್ಲಿಗೆ ಇದು.

ಇದೇ ಕೆ.ಆರ್. ಪೇಟೆ, ನಾಗಮಂಗಲಗಳ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು 2020ರ ಮೇ ತಿಂಗಳಲ್ಲಿ ಹಿಂದಿರುಗಿದರು. ಅವರನ್ನು ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಕೊರೊನಾದ ದಿನದ ಲೆಕ್ಕದಲ್ಲಿ ಮಂಡ್ಯದ ಹೆಸರು ಮೇಲೇರುತ್ತಿತ್ತು. ಸ್ವಂತ ಊರಿನವರೇ ಅವರನ್ನು ಕಂಡು ದೂರ ಸರಿಯುತ್ತಿದ್ದ ದಿನಗಳವು. ಅಲ್ಲಿಗೆ ಊಟ ತಲುಪಿಸಲು ಹೋಗುತ್ತಿದ್ದ ಹುಡುಗನೊಬ್ಬ ಕಂಡದ್ದನ್ನು ಹೇಳಿದ. ಅಂಗಳದ ಹುಣಸೆಮರದಡಿ ಬಿದ್ದಿದ್ದ ಬೀಜಗಳನ್ನು ಮಕ್ಕಳು ಆರಿಸಿ, ಸಿಮೆಂಟಿನ ಮೆಟ್ಟಿಲಿಗೆ ತೇಯ್ದು, ಒಂದು ಬದಿಯನ್ನು ಬೆಳ್ಳಗೆ ಮಾಡಿಕೊಂಡಿದ್ದವಂತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ. ಕಾಯಿಗೆ ಬಳೆಚೂರು, ಹಂಚಿನ ಚೂರು, ಮಾತ್ರೆಯ ಖಾಲಿ ಹಾಳೆಯ ತುಣುಕು. ಎರಡನೇ ದಿನಕ್ಕೆ ತಾಯಂದಿರು ಬಂದು ಕೂತರು, ಮೂರನೇ ದಿನಕ್ಕೆ ಗಂಡಸರು. ಮಾಸ್ಕ್ ಹಾಕಿಕೊಂಡೇ “ಗರ ಬಿತ್ತು, ಇನ್ನೊಂದಾಟ” ಎಂದು ಕೂಗಾಡುತ್ತಿದ್ದರಂತೆ. ಔಷಧಿ ಅವರ ರೋಗವನ್ನು ನೋಡಿಕೊಂಡಿತು. ಬಾಗಿಲಾಚೆಯ ಲೋಕ ತಮ್ಮನ್ನು ದೂರವಿಟ್ಟಿದೆ ಎಂಬ ನೋವನ್ನು ನೋಡಿಕೊಂಡದ್ದು ಆ ಹುಣಸೆ ಬೀಜ.

ಮಕ್ಕಳ ಮನಸ್ಸು ಮಕ್ಕಳಿಗೆ ತಾನಾಗಿಯೇ ಇರುತ್ತದೆ. ವಯಸ್ಸಾದವರಲ್ಲಿ ಅದು ಉಳಿದರೆ ಅದೇ ದೊಡ್ಡ ಸಂಪತ್ತು. ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು 1937ರಲ್ಲಿ ‘ಹಗಲುಗನಸುಗಳು’ ಬರೆದು ಲಲಿತ ಪ್ರಬಂಧಕ್ಕೆ ಕನ್ನಡದಲ್ಲಿ ದಾರಿ ಹಾಕಿಕೊಟ್ಟವರು. ಅವರ ‘ದೇವರು’ ಬಂದದ್ದು 1991ರಲ್ಲಿ, ಅವರ ತೊಂಬತ್ತೊಂದರ ವಯಸ್ಸಿನಲ್ಲಿ. ದೇವರು ಇದ್ದಾನೆಯೇ ಎಂದು ಮಗು ಕೇಳಿದರೆ ಬಾಯಿ ಮುಚ್ಚಿಸುತ್ತೇವೆ. ಆ ವಯಸ್ಸಿನಲ್ಲಿ ಅವರು ಅದೇ ಪ್ರಶ್ನೆಯನ್ನು ಎತ್ತಿಕೊಂಡು, ಯಾರಿಗೂ ಹೆದರದೆ ಒಂದು ಪುಸ್ತಕವನ್ನೇ ಬರೆದರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹುಟ್ಟಿದ್ದೂ ನರಸಿಂಹಸ್ವಾಮಿಯವರು ಹುಟ್ಟಿದ 1915ರಲ್ಲೇ. ದೊಡ್ಡ ಅಧಿಕಾರದಲ್ಲಿದ್ದು ನಿವೃತ್ತರಾದ ಮೇಲೆ 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಹತ್ತಿರ ಜಾನಪದ ಲೋಕ ಬಾಗಿಲು ತೆರೆದಾಗ ಅವರಿಗೆ ಎಪ್ಪತ್ತೊಂಬತ್ತು. ಬೀಸುವ ಕಲ್ಲಿನ ಹಾಡು, ಗೊಂಬೆ, ವಾದ್ಯ ಎಂದು ಊರೂರಿನಿಂದ ಕೂಡಿಸುವ ಹುಮ್ಮಸ್ಸು ಪೆನ್ಷನ್ ಬಂದ ಮೇಲೂ ಅವರಲ್ಲಿ ಬತ್ತಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಪ್ಪ ಹಾರ್ಮೋನಿಯಂ ಕಲಿಯುತ್ತೇನೆ ಎಂದರೆ, ಅಮ್ಮ ಬಣ್ಣದ ಡಬ್ಬಿ ತಂದುಕೊಡು ಎಂದರೆ, ಈ ವಯಸ್ಸಿನಲ್ಲಿ, ಈ ಕಷ್ಟದಲ್ಲಿ ಇದೆಲ್ಲ ಬೇಕಾ ಎನ್ನಬೇಡಿ. ಸಾಲ ಮಾಡಬೇಕಿಲ್ಲ, ಕೈಲಾದಷ್ಟು ಮಾಡಿ. ಇವತ್ತೇ ತಂದುಕೊಡಿ.