ಗ್ರಾಂಟ್ ರೋಡಿನ ವಾಸನೆಗೊಂದು ಕಾಗದ

ಪ್ರೀತಿಯ ಬಿಯರ್ ಫ್ಯಾಕ್ಟರಿ ವಾಸನೆಯೇ,

ಇತ್ತ ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸೋಣ ಅಂದರೆ ವಿಳಾಸವೇ ಇಲ್ಲ. ಬೆಂಗಳೂರಿನ ಗ್ರಾಂಟ್ ರೋಡಿನ ಹಳೇ ಜಾಗಕ್ಕೆ ಬರೆದರೆ ಅಲ್ಲಿನ ಸೆಕ್ಯುರಿಟಿಯವನು ಲಕೋಟೆ ತಿರುಗಿಸಿ ಮುರುಗಿಸಿ ನೋಡಿ, "ಯಾವ ಅಂಗಡಿಗೆ ಸಾರ್ ಇದು?" ಅಂತ ಕೇಳಿಯಾನು. ಅದಕ್ಕೇ ದೇಹೂ ರೋಡಿನಿಂದ ಇದನ್ನು ಗಾಳಿಗೇ ಬಿಡುತ್ತಿದ್ದೇನೆ. ನಿನಗೆ ತಲುಪುವ ದಾರಿ ಯಾವತ್ತೂ ಅದೇ ಆಗಿತ್ತಲ್ಲ.

ನಾನಿರುವ ಊರು ನಿನಗೆ ಗೊತ್ತಿರಲಾರದು. ಪುಣೆಯಿಂದ ಲೋನಾವಳ ಲೋಕಲ್ ಹತ್ತಿದರೆ ಖಡಕಿ, ಪಿಂಪ್ರಿ, ಚಿಂಚ್‌ವಡ, ಆಕುರ್ಡಿ ದಾಟಿದ ಮೇಲೆ ಸಿಗುತ್ತದೆ. ಒಂದು ಕಡೆ ಮಿಲಿಟರಿಯ ಡಿಪೋ, ಕಂಟೋನ್ಮೆಂಟ್. ಇನ್ನೊಂದು ಕಡೆ ಸ್ವಲ್ಪ ದೂರದಲ್ಲಿ ಸಂತ ತುಕಾರಾಮರ ದೇಹೂ. ಅವರ ಪಾಲಕಿ ಹೊರಡುವ ದಿನಗಳಲ್ಲಿ ಎಲ್ಲಿ ನೋಡಿದರೂ ಟಾಳ, ಮೃದಂಗ. ಆಷಾಢ ಏಕಾದಶಿಗೆ ಡ್ರೈ ಡೇ. ಮಿಕ್ಕ ದಿನಗಳಿಗೆ ಪರ್ಮಿಟ್ ರೂಮುಗಳಿವೆ, ಬಿಯರ್ ಶಾಪಿಗಳಿವೆ. ಕೇಳಿದರೆ ನಗುತ್ತೀಯ, ಈ ರಾಜ್ಯದಲ್ಲಿ 1949ರ ಪಾನನಿಷೇಧ ಕಾಯಿದೆಯೇ ಇನ್ನೂ ನಡೆಯುತ್ತಿದೆ. ಕುಡಿಯುವವನ ಹತ್ತಿರ ಪರವಾನಗಿ ಇರಬೇಕು; ಒಂದು ದಿನದ್ದೂ ಸಿಗುತ್ತದೆ, ಆಯುಷ್ಯಪೂರ್ತಿಯದೂ ಸಿಗುತ್ತದೆ. ಮೂಸಿ ನೋಡುವುದಕ್ಕೆ ಮಾತ್ರ ಯಾವ ಚೀಟಿಯೂ ಬೇಡ. ಆದರೆ ಮೂಸಲಿಕ್ಕೆ ಇಲ್ಲಿ ಏನಿದೆ ಹೇಳು.

ನಿನ್ನನ್ನು ನಾನು ಕುಡಿಯುವ ವಯಸ್ಸಿನಲ್ಲಿ ಕಂಡದ್ದಲ್ಲ. ಭಾನುವಾರ ಅಪ್ಪ ನಮ್ಮನ್ನು ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೋ ಕಬ್ಬನ್ ಪಾರ್ಕಿಗೋ ಕರೆದುಕೊಂಡು ಹೋಗುತ್ತಿದ್ದರು. ಗಾಳಿ ನಮ್ಮ ಕಡೆ ತಿರುಗಿದ ದಿನ ನೀನು ಬಂದು ಮುಖಕ್ಕೆ ಹೊಡೆಯುತ್ತಿದ್ದೆ. ಅಪ್ಪ ಪಂಚೆಯ ಚುಂಗಿನಿಂದ ಮೂಗು ಮುಚ್ಚಿಕೊಂಡು ಬೇಗ ಬೇಗ ನಡೀರಿ ಅನ್ನುತ್ತಿದ್ದರು. ನನಗೇನೋ ನೀನು ಅಮ್ಮ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುವ ದಿನದ ಅಡುಗೆಮನೆಯ ಹಾಗೇ ಇದ್ದೆ. ಆಮೇಲೆ ತಿಳಿಯಿತು, ಕೆಲಸವೂ ಅದೇ ಅಂತ. ಬಾರ್ಲಿಯನ್ನು ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ನುಚ್ಚು ಮಾಡಿ ಬಿಸಿನೀರಲ್ಲಿ ನೆನೆಹಾಕುತ್ತಾರೆ, ಸಿಹಿಯೆಲ್ಲ ನೀರಿಗಿಳಿದ ಮೇಲೆ ಸೋಸಿ, ಹಾಪ್ಸ್ ಹಾಕಿ ಕುದಿಸುತ್ತಾರೆ. ಆ ಕುದಿತದ ಹಬೆಯೇ ನೀನು. ಸೋಸಿ ಉಳಿದ ಹೊಟ್ಟು ಹಸುಗಳ ಮೇವಿಗೆ ಹೋಗುವುದು ಬ್ರುವರಿಗಳ ಹಳೇ ಪದ್ಧತಿ. ಮೂಗು ಮುಚ್ಚಿಕೊಳ್ಳುತ್ತಿದ್ದ ಅಪ್ಪನ ಬೆಳಗಿನ ಕಾಫಿಯ ಹಾಲಿನಲ್ಲಿ ನಿನ್ನ ಪಾಲು ಎಷ್ಟಿತ್ತೋ, ದೇವರಿಗೇ ಗೊತ್ತು. ಅವರಿರುವಾಗ ಈ ಮಾತು ಹೇಳುವ ಧೈರ್ಯ ನನಗಂತೂ ಇರಲಿಲ್ಲ.

ನಿನ್ನ ಮನೆತನದ ಕತೆಯನ್ನು ನಿನಗೇ ಹೇಳುವುದು ಅಧಿಕಪ್ರಸಂಗ. ಆದರೂ ನೆನೆಸಿಕೊಳ್ಳುತ್ತೇನೆ. ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್ಲೆಂಡಿನವನು ದಕ್ಷಿಣದ ಸಣ್ಣಪುಟ್ಟ ಬ್ರುವರಿಗಳನ್ನು ಕೂಡಿಸಿ 1915ರಲ್ಲಿ ಯುನೈಟೆಡ್ ಬ್ರುವರೀಸ್ ಕಟ್ಟಿದ. ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ತುಂಬಿ ಎತ್ತಿನ ಗಾಡಿಯ ಮೇಲೆ ಬ್ರಿಟಿಷ್ ಪಡೆಗಳಿಗೆ ಕಳಿಸುತ್ತಿದ್ದರಂತೆ. ಈಗ ಕಂಟೋನ್ಮೆಂಟಿನ ಬೇಲಿಯ ಪಕ್ಕ ಸಂಸಾರ ಹೂಡಿರುವ ನನಗೆ ಆ ಗಾಡಿಗಳು ಕಣ್ಣಿಗೆ ಕಟ್ಟುತ್ತವೆ. 1947ರಲ್ಲಿ ವಿಠಲ್ ಮಲ್ಯ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಅವರು ಹೋದ ಮೇಲೆ ಗ್ರಾಂಟ್ ರೋಡಿಗೆ ಅವರ ಹೆಸರೇ ಬಂತು. ಅಷ್ಟರಲ್ಲಿ ಕಂಪನಿಯ ಕಿಂಗ್‌ಫಿಷರ್ ಬಿಯರ್ ಊರೂರು ತಲುಪಿತ್ತು, ಚರ್ಚ್ ಸ್ಟ್ರೀಟಿನ ಸುತ್ತಮುತ್ತ ಪಬ್ಬುಗಳು ಬಾಗಿಲು ತೆರೆದವು. ರಾಕೆಟ್ಟಿನೊಳಗೆ ಕೂತ ಹಾಗಿದ್ದ ನಾಸಾ, 1989ರಲ್ಲಿ ಶುರುವಾದ ಪೀಕೋಸ್. ಡ್ರಾಟ್ ಬಿಯರಿನ ಜಗ್ಗಿಗೆ ನಾವು ದುಡ್ಡು ಕೂಡಿಸುತ್ತಿದ್ದ ಕಾಲ.

ನೀನು ಹೋದದ್ದು ಯಾವಾಗ ಅಂತ ಕೇಳಿದರೆ ನಮ್ಮಲ್ಲಿ ಒಬ್ಬನಿಗೂ ಹೇಳಲು ಬರುವುದಿಲ್ಲ. ಅದೇ ನನ್ನ ಕೋಪ. ಒಂದು ಕಟ್ಟಡ ಬಿದ್ದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಒಂದು ಮರ ಉರುಳಿದರೆ ನಾಲ್ಕು ಜನ ಬೋರ್ಡು ಹಿಡಿದು ನಿಲ್ಲುತ್ತಾರೆ. ನೀನು ಮಾತ್ರ ಹೇಳದೆ ಕೇಳದೆ ಎದ್ದು ಹೋದೆ. 2008ರಲ್ಲಿ ನಿನ್ನ ಫ್ಯಾಕ್ಟರಿಯ ಜಾಗದಲ್ಲಿ ಯುಬಿ ಸಿಟಿ ಮಾಲ್ ತಲೆಯೆತ್ತಿತು. ಅಲ್ಲೂ ಘಮಘಮ ಇದೆ, ಇಲ್ಲ ಅನ್ನುವುದಿಲ್ಲ. ಸಣ್ಣ ಬಾಟಲಿಯ ಸೆಂಟು, ನನ್ನ ತಿಂಗಳ ದಿನಸಿಗಿಂತ ಹೆಚ್ಚು ರೇಟು. ವಿಠಲ್ ಮಲ್ಯರ ಮಗ ವಿಜಯ್ ಮಲ್ಯ 2016ರಲ್ಲಿ ದೇಶ ಬಿಟ್ಟರು. 2021ರಲ್ಲಿ ಕಂಪನಿ ಹೈನೆಕೆನ್‌ನವರ ಹತೋಟಿಗೆ ಹೋಯಿತು. ಇದನ್ನೆಲ್ಲ ನಾನು ನಿನ್ನ ಲೆಕ್ಕಕ್ಕೆ ಬರೆಯುತ್ತಿಲ್ಲ. ನೀನು ಹಬೆ, ನಿನಗೇನು ಷೇರು ಪಾಲು.

ನಿನ್ನ ಮೇಲಿನ ಹಠಕ್ಕೇ ಇರಬೇಕು, ಪುಣೆಯಲ್ಲಿ ಹೊಸ ಬಿಯರ್ ಬಂದಾಗ ಹಿಂದೆ ಬಿದ್ದೆ. ಈ ಊರು ಈ ವಿಷಯದಲ್ಲಿ ಬೆಂಗಳೂರಿಗಿಂತ ಒಂದು ಹೆಜ್ಜೆ ಮುಂದಿತ್ತು, ಹೊಟ್ಟೆಕಿಚ್ಚು ಪಡಬೇಡ. ಸುಕೇತು ತಳೇಕರ್, ಪ್ರತೀಕ್ ಚತುರ್ವೇದಿ ಅನ್ನುವ ಗೆಳೆಯರಿಬ್ಬರು ಸಿಂಗಪುರದ ವಾಸ ಮುಗಿಸಿ ಬಂದು, ಜರ್ಮನಿಯ ಆಲಿವರ್ ಶಾಫ್ ಅವರನ್ನು ಕಟ್ಟಿಕೊಂಡು 2009ರಲ್ಲಿ ಕೊರಿಂಥಿಯನ್ಸ್ ಕ್ಲಬ್ಬಿನಲ್ಲಿ ಡೂಲಾಲಿ ಶುರು ಮಾಡಿದರು. ಅಲ್ಲೇ ಕುದಿಸಿ ಅಲ್ಲೇ ಬಡಿಸುವ ಬಿಯರು. ನಮ್ಮ ಬೆಂಗಳೂರಿಗೆ 2011ರಲ್ಲಿ ಬಿಯರ್ ಕ್ಲಬ್ ಬಂತು. ಎಲ್ಲಿ ಗೊತ್ತಾ? ನಿನ್ನದೇ ರೋಡಿನಲ್ಲಿ, ವಿಠಲ್ ಮಲ್ಯ ರಸ್ತೆಯಲ್ಲಿ. ಊರಿಗೆ ಹೋದಾಗ ಆ ಸುದ್ದಿ ಕೇಳಿ ನೀನೇ ಮರಳಿ ಬಂದೆ ಅಂತ ಓಡಿದೆ. ಬಿಯರು ಚೆನ್ನಾಗಿತ್ತು. ರೋಡಿನಲ್ಲಿ ಮಾತ್ರ ನೀನಿರಲಿಲ್ಲ.

ಇಲ್ಲಿ 2014ರಲ್ಲಿ ಮುಂಢ್ವಾದಲ್ಲಿ ಇಂಡಿಪೆಂಡೆನ್ಸ್ ಶುರುವಾಯಿತು. ಬೆಂಗಳೂರಿನ ಟಾಯ್ಟ್ ಕೂಡ ಪುಣೆಗೆ ಬಂದು ಟೇಬಲ್ ಹಾಕಿತು. ಎಲ್ಲವೂ ಊರಿನ ಆ ತುದಿಗೆ. ದೇಹೂ ರೋಡಿನವನಿಗೆ ಲೋಕಲ್ಲು, ಆಮೇಲೆ ರಿಕ್ಷಾ, ವಾಪಸ್ ಬರುವಾಗ ಗಡಿಯಾರದ ಮೇಲೇ ಕಣ್ಣು. ಹೊಸ ಬ್ಯಾಚ್ ಬಂದರೆ ಮೊಬೈಲಿಗೆ ಮೆಸೇಜು: ಬೇಸಿಗೆಗೆ ಮಾವಿನದು, ಮಳೆ ಹಿಡಿದಾಗ ಸ್ಟೌಟು. ಕೆಲವೇ ಪೀಪಾಯಿ, ಮುಗಿದರೆ ಮುಗಿಯಿತು. ನೊರೆ ಇಳಿಯುವ ಮೊದಲೇ ಫೋಟೋ ಹೊಡೆಯುತ್ತಾರೆ. ಗೋಧಿ ಬಿಯರಿನ ಮೇಲೆ ಮೂಗಿಟ್ಟರೆ ಬಾಳೆಹಣ್ಣು, ಹಿಂದೆಯೇ ಲವಂಗ. ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಯೀಸ್ಟಿನ ಚಮತ್ಕಾರ ಅಷ್ಟೆ. ನನಗೂ ಇಷ್ಟ, ಸುಳ್ಳೇಕೆ ಹೇಳಲಿ.

ಒಂದು ದಿನ ಅಂಥದೇ ಒಂದು ಕಡೆ, ಹೆಸರು ಬೇಡ, ಬೇಗ ಹೋಗಿಬಿಟ್ಟಿದ್ದೆ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಗಾಜಿನ ಗೋಡೆಯ ಆಚೆ ಗಂಬೂಟು ಹಾಕಿದ ಹುಡುಗನೊಬ್ಬ ಟ್ಯಾಂಕಿನ ಮುಚ್ಚಳ ಎತ್ತಿ ಮರದ ಹುಟ್ಟಿನಿಂದ ನುಚ್ಚು ತಿರುವುತ್ತಿದ್ದ. ನೋಡಬಹುದಾ ಅಂದೆ. ಬನ್ನಿ ಕಾಕಾ ಅಂತ ಪಕ್ಕಕ್ಕೆ ಸರಿದ. ಬಗ್ಗಿದೆ. ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣಲಿಲ್ಲ. ಆದರೆ ನೀನಿದ್ದೆ. ಕುದಿಸುವ ಹಬೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಅವನು ಒಂದು ಸ್ಟೀಲ್ ಪೈಪು ತೋರಿಸಿದ. ಅದರೊಳಗೆ ತಣ್ಣೀರು ಚಿಮುಕಿಸಿ ಹಬೆಯನ್ನು ನೀರು ಮಾಡಿ ಚರಂಡಿಗೆ ಬಿಡುತ್ತಾರಂತೆ. "ಮೇಲೆ ಆಫೀಸುಗಳಿವೆ ಕಾಕಾ, ವಾಸನೆ ಬಂದರೆ ಕಂಪ್ಲೇಂಟ್ ಮಾಡುತ್ತಾರೆ."

ನೋಡಿದೆಯಾ? ನಿನ್ನನ್ನು ಹುಟ್ಟಿದ ಜಾಗದಲ್ಲೇ ಹಿಡಿದು ಮೋರಿಗೆ ಹಾಕುತ್ತಿದ್ದಾರೆ. ಬಿಯರ್ ಮಾಡುವವರಿಗೆ ನೀನು ಬೇಕು, ಕುಡಿಯುವವರು ದುಡ್ಡು ಕೊಟ್ಟು ಲೋಟದಲ್ಲಿ ನಿನ್ನ ಚೂರನ್ನು ಹುಡುಕುತ್ತಾರೆ, ರೋಡಿನಲ್ಲಿ ಹೋಗುವವನಿಗೆ ಮಾತ್ರ ನೀನು ಉಪದ್ರವ. ನಮ್ಮ ಕಾಲದಲ್ಲಿ ಕಡಲೆಕಾಯಿ ಮಾರುವವನು, ಬಸ್ಸಿಗೆ ಕಾದವಳು, ಮೂಗು ಮುಚ್ಚಿಕೊಂಡ ನನ್ನಪ್ಪ, ಒಂದು ಹನಿ ಮುಟ್ಟದವರೆಲ್ಲ ನಿನ್ನ ಪಾಲುದಾರರೇ. ಒಂದು ಊರಲ್ಲಿ ಏನು ಬೇಯುತ್ತಿದೆ ಅಂತ ಊರಿಗೇ ಗೊತ್ತಿತ್ತು. ಈಗ ಬಿಯರಿನ ಬಗ್ಗೆ ಎಲ್ಲರಿಗೂ ಎಲ್ಲ ಗೊತ್ತು, ಹಾಪ್ಸ್ ಯಾವ ದೇಶದ್ದು ಅನ್ನುವುದೂ ಗೊತ್ತು. ಆದರೆ ಆ ಕಟ್ಟಡದ ಮುಂದೆ ಟೀ ಮಾರುವವನಿಗೆ ಒಳಗೆ ಕುದಿಯುತ್ತಿರುವುದು ಏನು ಅಂತ ಗೊತ್ತಿಲ್ಲ. ನಾನು ಕೇಳಿಯೇ ಹೇಳುತ್ತಿದ್ದೇನೆ.

ಇನ್ನೊಂದು ಸಮಾಚಾರ. ಮಗಳಿಗೆ ಬಿಯರ್ ಕುಡಿಯುವ ಕಾನೂನಿನ ವಯಸ್ಸು ತುಂಬಿತು. ಇಲ್ಲಿ ಅದು 21. ಅವಳ ಮೊದಲ ಲೋಟಕ್ಕೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಳು. ಅಪ್ಪ ಇದ್ದಿದ್ದರೆ ಏನಾಗುತ್ತಿತ್ತೋ! ಕುಡಿಯುತ್ತಾ ನಿನ್ನ ವಿಷಯ ತೆಗೆದೆ. "ಅದು ಒಳ್ಳೇ ವಾಸನೆಯಾ, ಕೆಟ್ಟ ವಾಸನೆಯಾ ಪಪ್ಪಾ?" ಅಂದಳು. ಒಳ್ಳೇದು ಅಂದರೆ ನನ್ನಪ್ಪ ಸುಳ್ಳಾಗುತ್ತಾರೆ, ಕೆಟ್ಟದ್ದು ಅಂದರೆ ನಾನು ಸುಳ್ಳಾಗುತ್ತೇನೆ. ಮುಂದಿನ ಬ್ಯಾಚ್ ಬರುವುದರೊಳಗೆ ಅವಳಿಗೆ ಏನು ಹೇಳಲಿ ಅಂತ ನೀನೇ ತಿಳಿಸು. ಉತ್ತರ ಬರೆಯಲು ಆಗದಿದ್ದರೆ ಒಂದು ಸಲ ಈ ಕಡೆ ಬಂದು ಹೋಗು. ಲೋಕಲ್ಲಿಗೆ ಟಿಕೆಟ್ ಬೇಕಿಲ್ಲ ನಿನಗೆ.

ಇಂತಿ,
ಕಸ್ತೂರಬಾ ರೋಡಿನ ಹಳೇ ಹುಡುಗ
ದೇಹೂ ರೋಡ್