ಹೊದಿಕೆಯ ಉಪಚಾರ

ಬೆಲೆಬಾಳುವ ಯಾವ ವಸ್ತು ಮನೆಗೆ ಬಂದರೂ ಅದಕ್ಕೊಂದು ಹೊದಿಕೆ ಹೊಲಿಯುವುದು ನಮ್ಮ ಅವ್ವನ ಪದ್ಧತಿ. ನಾನು ಚಿಕ್ಕವಳಿದ್ದಾಗ ನಮ್ಮಲ್ಲೊಂದು ವಾಲ್ವಿನ ರೇಡಿಯೊ ಇತ್ತು. ಸ್ವಿಚ್ ಹಾಕಿದರೆ ಒಂದಿಷ್ಟು ಹೊತ್ತು ಮೈ ಬೆಚ್ಚಗೆ ಮಾಡಿಕೊಂಡೇ ಅದು ಬಾಯಿ ಬಿಡುತ್ತಿತ್ತು. ಹಿಂದಿನ ರಟ್ಟಿನ ತುಂಬ ತೂತುಗಳು. ಒಳಗಿನ ಬಿಸಿ ಹೊರಹೋಗಲೆಂದು ಮಾಡಿದ ಆ ತೂತುಗಳನ್ನು ಅವ್ವ “ಜಿರಲೆ ಹೋಗ್ತಾವ” ಎಂದು ಕಸೂತಿಯ ಬಟ್ಟೆಯಿಂದ ಮುಚ್ಚಿದಳು. ಮುಂದೆ ಟಿವಿ ಬಂದಾಗಲೂ ಅಷ್ಟೆ. ನೆತ್ತಿಯ ಮೇಲಿನ ಗಂಡಿಗಳಿಗೆ ಕ್ರೋಶದ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಎರಡೂ ಬೇಗ ಕೆಟ್ಟವು. ನಾವು ಮನೆಮಂದಿಯೆಲ್ಲ ಸೇರಿ ಕಂಪನಿಯವರನ್ನು ಬೈದೆವು.

ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಸಮಾಜ ವಿಜ್ಞಾನ. ಯಂತ್ರದ ಹೊಟ್ಟೆಯೊಳಗೆ ಇಣುಕುವ ಪ್ರಸಂಗ ನನಗೆ ಬಂದದ್ದು 2021ರ ಮೇ ತಿಂಗಳಿನಲ್ಲಿ. ಕೊರೊನಾದ ಎರಡನೆಯ ಅಲೆ, ಮೇಲೆ ರಾಯಚೂರಿನ ಬಿಸಿಲು. ಹತ್ತನೆಯ ತರಗತಿಯ ಮಕ್ಕಳಿಗೆ ಫೋನಿನಲ್ಲೇ ಪುನರಾವರ್ತನೆಯ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗಿ ಮಾತ್ರ ದಿನಾಲೂ ಹತ್ತು ಹದಿನೈದು ನಿಮಿಷಕ್ಕೆ ಮಾಯ. ಸಂಜೆ ಒಂದು ಸಂದೇಶ: “ಟೀಚರ್, ಫೋನ್ ಕಾದು ಬಂದ್ ಆಗ್ಯಾದ್ರಿ.”

ಇಪ್ಪತ್ತೈದು ವರ್ಷ ಶಾಲೆಯಲ್ಲಿ ಕಳೆದವಳಿಗೆ ನೆಪಗಳ ಪರಿಚಯ ಇರುವುದಿಲ್ಲವೆ? ಹೊಟ್ಟೆನೋವು, ಅಕ್ಕನ ಮದುವೆ, ಒಬ್ಬಳೇ ಅಜ್ಜಿಯ ಎರಡೆರಡು ತಿಥಿ, ಎಲ್ಲ ಕೇಳಿದ್ದೆ. ಐದನೆಯ ದಿನ ಎಲ್ಲರ ಎದುರಿಗೇ ಅಂದುಬಿಟ್ಟೆ: “ಏನವಾ, ನಿನ್ನ ಫೋನಿಗೂ ಕೊರೊನಾ ಬಂದದೇನು?” ಮಕ್ಕಳು ನಕ್ಕವು. ಮರುದಿನದಿಂದ ಅವಳು ಪಾಠಕ್ಕೆ ಬರಲೇ ಇಲ್ಲ.

ಆಗ ಬೆಂಗಳೂರಿನಿಂದ ಬಂದಿದ್ದ ಮಗ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಅವನ ಲ್ಯಾಪ್‌ಟಾಪನ್ನು ಮಂಚದ ಮೇಲಿನ ಕೌದಿಯ ಮೇಲೆ ಇಟ್ಟಿದ್ದ. ಅದು ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಟ್ಟಿ ತಟ್ಟನೆ ಆರಿಹೋಯಿತು. ತಿರುವಿ ಹಾಕಿದರೆ ಗಾಳಿ ಒಳಗೆಳೆಯುವ ಗಂಡಿಗಳಿದ್ದದ್ದು ಹೊಟ್ಟೆಯ ಕಡೆಗೇ. ಕೌದಿ ಅವುಗಳ ಮೂಗು ಹಿಡಿದಿತ್ತು. ಬಿಚ್ಚಿ ನೋಡಿದಾಗ ತೆಳ್ಳಗಿನ ಲೋಹದ ಹಲ್ಲುಗಳ ನಡುವೆ ಧೂಳು ಅರಳೆಯಂತೆ ಕೂತಿತ್ತು.

ಅವನು ತೋರಿಸಿದ್ದರಲ್ಲಿ ನನಗೆ ಸೋಜಿಗವೆನಿಸಿದ್ದು ಒಂದು ಚಪ್ಪಟೆ ತಾಮ್ರದ ಕೊಳವೆ. ಅದರೊಳಗೆ ನಾಲ್ಕಾರು ಹನಿ ನೀರಿರುತ್ತದಂತೆ. ಗಾಳಿ ತೆಗೆದು ಮುಚ್ಚಿರುವುದರಿಂದ ನೂರು ಡಿಗ್ರಿಗಿಂತ ಎಷ್ಟೋ ಕಡಿಮೆ ಬಿಸಿಗೇ ಕುದಿಯುತ್ತದೆ. ಚಿಪ್ಪಿನ ಬಳಿ ಆವಿಯಾಗಿ, ಫ್ಯಾನಿನ ಬಳಿ ತಣಿದು, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಕೂಡುವಂತೆ ಮತ್ತೆ ಹನಿಯಾಗುತ್ತದೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ಕೊಳವೆಯ ಒಳಮೈ ಆ ಹನಿಗಳನ್ನು ಹೀರಿ ಚಿಪ್ಪಿನ ಕಡೆಗೆ ಒಯ್ಯುತ್ತದೆ. ದಿನವಿಡೀ ಇದೇ ನಡೆ.

“ಫೋನಿನ ಫ್ಯಾನ್ ಎಲ್ಲಿರ್ತದೋ?” ಎಂದೆ. ನಕ್ಕ. “ಅದಕ್ಕ ಫ್ಯಾನೇ ಇರೋದಿಲ್ಲಮ್ಮ. ಒಳಗಿನ ಬಿಸಿಯೆಲ್ಲ ಮೈಮೇಲೆ ಹರಡಿ ಗಾಳಿಗೆ ಹೋಗಬೇಕು.” ಗಾಳಿಯೇ ಕಾದಿದ್ದರೆ ಬಿಸಿ ಹೋಗುವುದೆಲ್ಲಿಗೆ? ಮೊದಲು ಫೋನು ತಾನಾಗಿ ವೇಗ ತಗ್ಗಿಸುತ್ತದೆ, ಪರದೆ ಮಂಕು ಮಾಡುತ್ತದೆ, ಚಾರ್ಜ್ ನಿಲ್ಲಿಸುತ್ತದೆ, ಕೊನೆಗೆ ಕಣ್ಣು ಮುಚ್ಚುತ್ತದೆ. ಚಾರ್ಜಿಗೆ ಹಾಕಿಕೊಂಡೇ ಪಾಠ ಕೇಳಿದರಂತೂ ಎರಡು ಒಲೆ ಹಚ್ಚಿದಂತೆ. ಐಫೋನ್ ಮಾಡುವ ಆಪಲ್ ಕಂಪನಿಯೇ ಸುತ್ತಲಿನ ಗಾಳಿ 35 ಡಿಗ್ರಿ ದಾಟದ ಕಡೆ ಬಳಸಿರೆನ್ನುತ್ತದೆ. ನಮ್ಮೂರಲ್ಲಿ ಮೇ ತಿಂಗಳಿನಲ್ಲಿ 40 ಎಂದರೆ ಅದು ಸುದ್ದಿಯೂ ಅಲ್ಲ. (ಫ್ರಿಜ್ಜಿನಲ್ಲಿಟ್ಟರೆ ಹೇಗೆ ಎಂದು ಕೇಳಿ ಬೈಸಿಕೊಂಡೆ. ಹೊರಗೆ ತೆಗೆದಾಗ ಮೈ ಬೆವರಿ ಒಳಗೆಲ್ಲ ಪಸೆಯಾಗುತ್ತದಂತೆ.)

“ಹಂಗಾದ್ರ ತಗಡಿನ ಮನ್ಯಾಗ?” ಎಂದೆ.

“ಯಾರ ಮನಿ?” ಎಂದ. ನಾನು ಉತ್ತರ ಹೇಳಲಿಲ್ಲ.

ಲಾಕ್‌ಡೌನ್ ಸಡಿಲಾದ ಮೇಲೆ, ಜೂನ್ ಕೊನೆಗೆ, ಆ ಹುಡುಗಿಯ ಮನೆಗೆ ಹೋದೆ. ತಗಡಿನ ಸೂರು ಕೈಗೆ ಎಟುಕುವಷ್ಟು ಕೆಳಗಿತ್ತು. ಫೋನು ಅವಳ ಅಪ್ಪನದು, ಕಂತಿನ ಮೇಲೆ ತಂದದ್ದು. ಅದಕ್ಕೆ ದಪ್ಪ ರಬ್ಬರಿನ ಕವರು, ಕವರಿನ ಮೇಲೆ ಅವಳ ತಾಯಿ ಕೈಯಾರೆ ಹೊಲಿದ ಬಟ್ಟೆಯ ಚೀಲ. ಪರದೆಯಷ್ಟೇ ಕಾಣುವಂತೆ ಚೀಲಕ್ಕೆ ಕಿಟಕಿ ಕತ್ತರಿಸಿ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ್ದರು.

“ಕಂತು ಹರಿಯೂದರೊಳಗ ಬಿದ್ದು ಒಡದ್ರ ಏನು ಮಾಡೂದ್ರಿ?” ಎಂದರು ತಾಯಿ.

ಹುಡುಗಿ ನೋಟುಬುಕ್ಕು ತಂದು ತೋರಿಸಿದಳು. ರಾತ್ರಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಫೋನಿಟ್ಟು, ತಣ್ಣಗಾದ ಮೇಲೆ ತೆರೆದು, ನಾನು ಗುಂಪಿಗೆ ಕಳಿಸಿದ ಟಿಪ್ಪಣಿಗಳನ್ನು ಒಂದೂ ಬಿಡದೆ ಬರೆದಿದ್ದಳು. ಪಾಠ ನಡೆಯುವಾಗ ಚೀಲ, ಕವರು ಎರಡನ್ನೂ ತೆಗೆದಿಡಬೇಕು, ಆಗ ಚಾರ್ಜಿಗೆ ಹಾಕಬಾರದು ಎಂದು ತಾಯಿ ಮಗಳಿಗೆ ತಿಳಿಸಿದೆ. ಹೇಳಬೇಕೆಂದು ಹೋಗಿದ್ದ ಇನ್ನೊಂದು ಮಾತು ಗಂಟಲು ದಾಟಲಿಲ್ಲ. ಅಷ್ಟರಲ್ಲಿ ಅವಳು ಚಹಾ ತಂದಳು. ನಾನು ಕಪ್ಪು ತುಟಿಗೆ ಹಚ್ಚಿ ಹಿಂದೆಗೆದದ್ದನ್ನು ನೋಡಿ ಒಳಗೆ ಓಡಿ ಬಶಿ ತಂದಿಟ್ಟಳು.

“ಆರಿಸಿಕೊಂಡು ಕುಡೀರಿ ಟೀಚರ್, ಭಾಳ ಸುಡ್ತದ.”