ಒಂದು ಜೀಪಿನ ಜೀರ್ಣೋದ್ಧಾರ

ದೇವಾಲಯದ ಜೀರ್ಣೋದ್ಧಾರವೆಂದರೇನೆಂಬುದು ವಾಚಕರಿಗೆ ತಿಳಿದ ವಿಷಯವೇ. ಬಿಂಬದಲ್ಲಿರುವ ದೇವತಾಕಲೆಯನ್ನು ಮೊದಲು ಕಲಶಕ್ಕೆ ಆಕರ್ಷಿಸಿ, ಆಮೇಲೆಯೇ ಕಲ್ಲುಗಳನ್ನು ಕದಲಿಸಬೇಕೆಂದು ಆಗಮಗಳು ವಿಧಿಸುತ್ತವೆ. ಪಾಠಶಾಲೆಯಲ್ಲಿ ಇದನ್ನು ಕಲಿತ ನಾನು, ಮುಂದೊಂದು ದಿನ ನಮ್ಮ ಕೊಟ್ಟಿಗೆಯಲ್ಲಿ ಒಂದು ಯುದ್ಧವಾಹನದ ಮುಂದೆ ಕುಳಿತು ಈ ವಿಧಿಯನ್ನು ನೆನೆಯುವೆನೆಂದು ಎಣಿಸಿರಲಿಲ್ಲ.

ವಾಹನವು ವಿಲ್ಲೀಸ್ ಎಂ.ಬಿ. ಎಂಬ ಜೀಪು. 1941ರಿಂದ 1945ರ ವರೆಗೆ ಅಮೆರಿಕಾದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳೆರಡೂ ಒಂದೇ ನಕ್ಷೆಯ ಮೇರೆಗೆ ಇಂಥವನ್ನು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ಯುದ್ಧಾನಂತರ ಸೈನ್ಯಕ್ಕೆ ಬೇಡವಾದ ಜೀಪುಗಳಲ್ಲಿ ಕೆಲವು ಮಲೆನಾಡಿನ ಕಾಫಿ ತೋಟಗಳನ್ನು ಸೇರಿದವು. ತೋಟದವರಿಂದ ಅಂಥದೊಂದನ್ನು ನಮ್ಮ ತೀರ್ಥರೂಪರು 1962ನೆಯ ಇಸವಿಯಲ್ಲಿ ಕೊಂಡು ತಂದರು. ಅಡಿಕೆ, ಗೊಬ್ಬರ, ಮದುವೆಯ ದಿಬ್ಬಣ, ಹೆರಿಗೆಯ ಹೆಂಗಸರು—ಅದು ಹೊರದ ಹೊರೆಯಿಲ್ಲ. ಸ್ಟಿಯರಿಂಗು ಎಡಗಡೆಗಿದ್ದುದರಿಂದ ತಾಯಿಯವರು ಬಲಗಡೆ ಕೂರುತ್ತಿದ್ದರು. ಊರಿನ ಉಳಿದ ಮೋಟಾರುಗಳಲ್ಲಿ ಅದು ಡ್ರೈವರನ ಸ್ಥಾನವಾದ್ದರಿಂದ ಮಕ್ಕಳಾದ ನಮಗೆ ಬಲು ಹೆಮ್ಮೆ. ಒಂದು ಮಳೆಗಾಲದಲ್ಲಿ ಅವರ ಕಾಲಡಿಯ ತಗಡು ತುಕ್ಕು ತಿಂದು, ರಸ್ತೆಯ ಕೆಸರು ಸೀರೆಗೆ ಸಿಡಿಯತೊಡಗಲು, ತೀರ್ಥರೂಪರು ಊರಿನ ಕಮ್ಮಾರನಿಂದ ಡಾಂಬರು ಪೀಪಾಯಿಯ ತಗಡೊಂದನ್ನು ರಿವೆಟ್ಟು ಹೊಡೆಸಿದರು. 1981ರಲ್ಲಿ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ದುದು ಆ ಜೀಪಿನಲ್ಲಿಯೇ; ಅವರು ಮರಳಲಿಲ್ಲ.

ತೀರ್ಥರೂಪರು ಕಾಲವಾದ ಮೇಲೆ 22 ವರ್ಷ ಅದು ಮೂಲೆಗುಂಪಾಗಿತ್ತು. ಕಳೆದ ವರ್ಷ ರಜೆಯಲ್ಲಿ ಬಂದ ಚಿರಂಜೀವಿಯು ಅದನ್ನು ಎಬ್ಬಿಸಿಯೇ ತೀರುವೆನೆಂದು ಹಟ ಹಿಡಿದನು. ನಾಲ್ಕು ಸಿಲಿಂಡರಿನ, 60 ಅಶ್ವಶಕ್ತಿಯ ಎಂಜಿನು; ಪಿಸ್ಟನ್ನುಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹೊಯ್ದೆವು. 11 ದಿನ ಪ್ರಾತಃಕಾಲ ಇದೇ ಅಭಿಷೇಕ. ಹನ್ನೆರಡನೆಯ ದಿನ ಹ್ಯಾಂಡಲು ಕೂದಲೆಳೆಯಷ್ಟು ತಿರುಗಿತು. ಇಲಿ ತಿಂದ ತಂತಿಗಳನ್ನು ತೆಗೆದು 6 ವೋಲ್ಟಿನ ಮೂಲ ವ್ಯವಸ್ಥೆಯನ್ನೇ ಮತ್ತೆ ಹೂಡಿದೆವು. ಬಿಡಿಭಾಗಗಳಿಗಾಗಿ ಪಟ್ಟ ಪಾಡನ್ನು ಬರೆಯಹೊರಟರೆ ಸಂಪಾದಕರು ಪುಟ ಕೊಡಲಾರರು. ದೀಪದ ವಿಷಯವನ್ನು ಮಾತ್ರ ಹೇಳದಿರಲಾರೆ: ಮುಂದಿನ ದೀಪಗಳು ಕೀಲಿನ ಮೇಲಿದ್ದು, ಹಿಂದಕ್ಕೆ ಮಗುಚಿದರೆ ಎಂಜಿನಿನ ಮೇಲೆಯೇ ಬೆಳಕು ಚೆಲ್ಲುತ್ತವೆ. ಕತ್ತಲಲ್ಲಿ ದುರಸ್ತಿ ಮಾಡುವವನ ಕಷ್ಟವನ್ನು ಬಲ್ಲವನಾರೋ ಇದನ್ನು ಕಲ್ಪಿಸಿರಬೇಕು.

ತಗಾದೆ ಹುಟ್ಟಿದ್ದು ಬಣ್ಣ ಕೆರೆಯುವಾಗ. ಮೇಲೆ ತೀರ್ಥರೂಪರು ಬಳಿಸಿದ ನೀಲಿ. ಅದರಡಿ ತೋಟದವರ ಹಳದಿ. ಎಲ್ಲಕ್ಕೂ ಕೆಳಗೆ ಸೈನ್ಯದ ಮಾಸಲು ಹಸಿರು. "ಅಪ್ಪಯ್ಯಾ, ಸೈನ್ಯದಲ್ಲಿ ಹೇಗಿತ್ತೋ ಹಾಗೆಯೇ ಮಾಡಿಬಿಡೋಣ. ಆ ತೇಪೆಯನ್ನೂ ಕತ್ತರಿಸಿ ಹೊಸ ತಗಡು ಹಾಕಿಸುತ್ತೇನೆ" ಎಂದನು. ನಾನು ಮಾತನಾಡಲಿಲ್ಲ. ಯುದ್ಧಕ್ಕಾಗಿ ನಿರ್ಮಿತವಾದ ವಾಹನವೇನೋ ನಿಜ. ಅದು ಸೈನ್ಯದಲ್ಲಿದ್ದುದು ಕೆಲವೇ ವರ್ಷ, ನಮ್ಮ ಮನೆಯಲ್ಲಿ ಅರುವತ್ತಕ್ಕೂ ಮಿಕ್ಕಿ. ಆಕರ್ಷಿಸಬೇಕಾದ ಕಲೆಯು ಯಾವ ಪದರದಲ್ಲಿದೆಯೆಂದು ಯಾರು ಹೇಳಬಲ್ಲರು?

ಬೇರೆ ಕೆಲಸಕ್ಕೆ ಬಾರದವನೆಂದು, ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೈಂಕರ್ಯವು ನನ್ನ ಪಾಲಿಗೆ ಬಂದಿತ್ತು. ನೋಡುತ್ತೇನೆ, ಹಲವುಗಳ ತಲೆಯ ಮೇಲೆ ಎಫ್ ಎಂಬ ಅಕ್ಷರ! ಫೋರ್ಡಿನವರು ತಮ್ಮ ಬೋಲ್ಟುಗಳಿಗೂ ಈ ಮುದ್ರೆಯೊತ್ತುತ್ತಿದ್ದರು. ಆದರೆ ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆ. ಅದು ವಿಲ್ಲೀಸಿನ ಗುರುತು. ಎರಡರ ಭಾಗಗಳೂ ಪರಸ್ಪರ ಹೊಂದುತ್ತಿದ್ದುದರಿಂದ, ಎಲ್ಲಿಯೋ ಎಂದೋ ದುರಸ್ತಿಯ ಅವಸರದಲ್ಲಿ ಯಾರೋ ಕೈಗೆ ಸಿಕ್ಕಿದ್ದನ್ನು ಬಿಗಿದಿದ್ದರು. "ಇದನ್ನೂ ಕಿತ್ತುಹಾಕುವೆಯೇನಪ್ಪಾ?" ಎಂದೆನು. ಅವನು ಬೋಲ್ಟನ್ನು ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ತೇಪೆ ಇರಲಿ" ಎಂದನು. ನೀಲಿ ಬಣ್ಣ ಉಳಿಯಲಿಲ್ಲ. ಕೆರೆದ ಪುಡಿಯನ್ನು ಗುಡಿಸುವಾಗ ನನಗೆ ಸಂಕಟವಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ದುಡಿದವನು ಅವನು.

ಕಾರ್ತಿಕದ ಒಂದು ಸಂಜೆ ಹ್ಯಾಂಡಲು ಹಾಕಿದೆವು. ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು, ಎಂಜಿನು ಹಿಂದಕ್ಕೆ ಒದೆದರೆ ಕೈ ಮುರಿದೀತು—ತೀರ್ಥರೂಪರು ನನಗೆ ಕಲಿಸಿದ ಮೋಟಾರುಶಾಸ್ತ್ರವೆಲ್ಲ ಇಷ್ಟೇ. ಅದನ್ನು ಚಿರಂಜೀವಿಗೆ ತೋರಿಸಿಕೊಟ್ಟೆನು. ನಾಲ್ಕನೆಯ ಎಳೆತಕ್ಕೆ ಎಂಜಿನು ಕೆಮ್ಮಿ, ಹೊಗೆಯುಗುಳಿ, ನಿಂತಿತು, ಐದನೆಯದಕ್ಕೆ ಹಿಡಿದುಕೊಂಡಿತು. ದನಗಳು ಹಗ್ಗ ಜಗ್ಗಿದವು. "ಹತ್ತಿ ಕೂತುಕೊಳ್ಳಿ, ಅಪ್ಪಯ್ಯಾ" ಎಂದನು. ಚಪ್ಪಲಿ ಕಳಚಿ ಬಲಗಡೆಯ ಆಸನದಲ್ಲಿ ಕುಳಿತೆನು. ಡಾಂಬರು ಪೀಪಾಯಿಯ ತಗಡು ಅಂಗಾಲಿನ ಕೆಳಗೆ ನಡುಗುತ್ತಿತ್ತು.